ಒಬ್ಬನೇ ಓಡಿದ ಫೈನಲ್

“ಡೋಪ್‌ನೋರು ಬಂದವ್ರೆ!”

ಉದ್ದೀಪನ ಮದ್ದಿನ ತಪಾಸಣೆಯ ಸುದ್ದಿಯನ್ನು ಮೊದಲು ಹೊತ್ತು ತಂದವನು ಕವಲಂದೆಯ ಮದನ್. ಟಿ. ನರಸೀಪುರದ ಮೈದಾನದ ಗೇಟಿನಲ್ಲಿ ಬಿಳಿ ಕಾರು ನಿಂತಿತ್ತು. ಕಪ್ಪು ಜಾಕೆಟ್ಟಿನವನೊಬ್ಬ ಅದರಿಂದ ಐಸ್ ಪೆಟ್ಟಿಗೆ ಇಳಿಸುತ್ತಿದ್ದ. ರಾಜ್ಯ ಮಟ್ಟದ ನಾನೂರು ಮೀಟರ್ ಫೈನಲ್‌ಗೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದವರ ಮೈ ಒಮ್ಮೆಗೇ ತಣ್ಣಗಾಯಿತು.

ಕ್ರೀಡಾಕೂಟದ ಕಾರ್ಯದರ್ಶಿ ಪುಟ್ಟಬಸವಯ್ಯ ಓಡಿಹೋಗಿ ಕೈಮುಗಿದರು. “ಸಾ, ಮುಂಚೇನೇ ಒಂದ್ ಮಾತು ತಿಳಿಸ್ಬೋದಿತ್ತು...”

“ಹೇಳಿ ಬಂದರೆ ಅದು ಬೀಗರ ಭೇಟಿ ಆಗುತ್ತೆ, ತಪಾಸಣೆ ಅಲ್ಲ,” ಎಂದಿತು ಜಾಕೆಟ್ಟು. “ಮೊದಲ ಮೂರು ಜನರ ಮೂತ್ರ ಬೇಕು. ನನ್ನ ಕಣ್ಣೆದುರಿಗೇ ಹಿಡಿದು ಕೊಡಬೇಕು.”

ಪುಟ್ಟಬಸವಯ್ಯ ಮೈಕಿಗೆ ಬಂದರು. ಗಂಟಲು ಸರಿಪಡಿಸಿಕೊಂಡರು. “ಆತ್ಮೀಯ ಕ್ರೀಡಾಭಿಮಾನಿಗಳೇ, ಮೊದಲ ಮೂರು ಸ್ಥಾನ ಪಡೆಯುವ ಕ್ರೀಡಾಪಟುಗಳು ದಯಮಾಡಿ... ಅದೇ... ದ್ರವರೂಪದ ಸಹಕಾರ ನೀಡಬೇಕಾಗಿ ವಿನಂತಿ!”

ಸಹಕಾರ ತಕ್ಷಣ ಶುರುವಾಯಿತು. ಒಬ್ಬನ ತಾತ ತೀರಿಕೊಂಡರು. ಅದೇ ತಾತ ಹೋದ ವರ್ಷ ಮಂಡ್ಯದ ಕೂಟದಲ್ಲೂ ತೀರಿಕೊಂಡಿದ್ದರು. ಇನ್ನೊಬ್ಬನಿಗೆ ಶೂ ಲೇಸು ಕಟ್ಟುವಾಗಲೇ ತೊಡೆಯ ನರ ಹಿಡಿಯಿತು. ಹಿಡಿದ ನರದಲ್ಲೇ ಕಾಂಪೌಂಡು ಹಾರಿದ. ಇಬ್ಬರು ಟೀ ಕುಡಿಯಲು ಹೋದರು. ಟೀ ಮೈಸೂರಿನಲ್ಲಿತ್ತೆಂದು ಕಾಣುತ್ತದೆ. ಮತ್ತಿಬ್ಬರು ಏನೂ ಹೇಳದೆ ಹೋದರು. ಅಷ್ಟರ ಮಟ್ಟಿಗೆ ಪ್ರಾಮಾಣಿಕರು.

ಉಳಿದವರು ಇಬ್ಬರು. ಒಬ್ಬ ಮದನ್; ಯಾವ ಫೈನಲ್‌ನಲ್ಲೂ ಎಂಟನೆಯ ಸ್ಥಾನ ಬಿಟ್ಟುಕೊಟ್ಟವನಲ್ಲ. ಇನ್ನೊಬ್ಬ ಹೆಡತಲೆಯ ಜಗನ್. ಮೂರು ವರ್ಷದಿಂದ ಉಳಿದವರೆಲ್ಲ ನೋಡಿದ್ದು ಅವನ ಬೆನ್ನನ್ನೇ. ಈ ಚಿನ್ನ ಸಿಕ್ಕರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ ಕೈಗೆ ಬಂದಂತೆ. ಜಗನ್‌ಗೆ ವಯಸ್ಸಿನ ಮಿತಿ ಮುಗಿಯುವುದು ಇದೇ ವರ್ಷ.

ಆ ಜಗನ್ ಓಡುವ ಮುಂಚೆಯೇ ಬೆವರಿನಲ್ಲಿ ತೊಯ್ದಿದ್ದ.

“ಏನಾರ ತಕ್ಕೊಂಡಿದೀಯೇನ್ಲಾ?” ಕೋಚ್ ಚೆಲುವರಾಜು ಹಲ್ಲು ಕಚ್ಚಿ ಕೇಳಿದರು.

“ಅವ್ವನಾಣೆ ಇಲ್ಲ ಸಾ! ದೇವಸ್ಥಾನದ ಪ್ರಸಾದನೂ ಮುಟ್ಟಲ್ಲ. ಪೇಸ್ಟಿನ ಮ್ಯಾಗ್ ಬರ್ದಿರೋದ ಓದ್ಕಂಡೇ ಹಲ್ಲುಜ್ಜೋದು. ಕ್ಯಾಂಪಲ್ಲಿ ಒಬ್ನು ನೆಗಡಿ ಮಾತ್ರೆ ನುಂಗಿ ಬ್ಯಾನ್ ಆದ್ನಲ್ಲ, ಅವತ್ತಿಂದ ನಂಗೆ ನೀರು ಕುಡುದ್ರೂ ಭಯ.”

“ಮತ್ಯಾಕ್ಲಾ ನಡುಗ್ತೀಯ?”

“ಕೆಮ್ಮು ಅಂತ ಅಜ್ಜಿ ಕಷಾಯ ಕುಡುಸ್ಬುಡ್ತು ಸಾ.”

ಹೆಡತಲೆಗೆ ಫೋನು ಹೋಯಿತು. ಸಾಕಮ್ಮಜ್ಜಿಯ ದನಿ ಮೈಕಿಲ್ಲದೆಯೇ ಅರ್ಧ ಮೈದಾನಕ್ಕೆ ಕೇಳಿತು. “ಮೆಣಸು, ಸುಂಠಿ, ತೊಳ್ಸಿ. ಆಮೇಲೆ ಪಕ್ಕದ್ಮನೆ ರಾಮಮ್ಮ ಒಂದ್ ಬಿಳೀ ಪುಡಿ ಕೊಟ್ಳು, ಅದ್ನೂ ಒಸಿ ಆಕ್ದೆ.”

“ಬಿಳೀ ಪುಡಿನಾ? ಯಾವ್ ಪುಡಿ ಅಜ್ಜಿ?”

“ಅವ್ಳನ್ನೇ ಕೇಳ್ಬೇಕು. ಒಲಕ್ಕೋಗವ್ಳೆ. ಅದಿರ್ಲಿ, ಕೆಮ್ಮು ನಿಂತದೋ ಇಲ್ವೋ ಏಳು.”

ಕೆಮ್ಮೇನೋ ನಿಂತಿತ್ತು. ಜಗನ್ ನಿಲ್ಲಲಿಲ್ಲ. ಚೆಲುವರಾಜು ಹಿಡಿಯಲು ಚಾಚಿದ ಕೈಗೆ ಗಾಳಿ ಸಿಕ್ಕಿತು. ಹುಡುಗ ಆಗಲೇ ನಂಜನಗೂಡಿನ ಬಸ್ಸಿನಲ್ಲಿದ್ದ.

“ನೋಡ್ರಪ್ಪ, ಅಜ್ಜೀನೂ ಸೇರ್ಕಂಡವ್ಳೆ!” ಎಂದು ಗ್ಯಾಲರಿಯಲ್ಲಿ ಒಬ್ಬ ಕೂಗಿದ.

“ಮೂರ್ ವರ್ಸ ಓಡಿದ್ದು ಇವ್ನಲ್ಲ ಕಣ್ಲಾ, ಪುಡಿ!” ಎಂದ ಇನ್ನೊಬ್ಬ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ತಪ್ಪು ಮಾಡದವನು ಯಾಕೆ ಓಡಿಹೋಗುತ್ತಾನೆ? ಮೈದಾನದ ತೀರ್ಪು ಮುಗಿದಿತ್ತು. ಮೂತ್ರವೇ ಬೇಕಾಗಲಿಲ್ಲ.

ಗೆರೆಯ ಮೇಲೆ ಮದನ್ ಒಬ್ಬನೇ ನಿಂತ. ಕಣ್ಣು ಕೆಂಪಾಗಿತ್ತು. ಬೆರಳು ಅದುರುತ್ತಿತ್ತು.

“ಪಾಪ, ಇಷ್ಟ್ ಜನದ್ ಮುಂದೆ ಒಬ್ನೇ ಓಡ್ಬೇಕಲ್ಲ,” ಎಂದು ಪುಟ್ಟಬಸವಯ್ಯ ಮರುಗಿದರು.

ಗುಂಡು ಹಾರಿತು. ಮದನ್ ಬಾಲಕ್ಕೆ ಬೆಂಕಿ ಬಿದ್ದವನಂತೆ ಓಡಿದ. ಮೊದಲನೆಯವನೂ ಅವನೇ, ಕೊನೆಯವನೂ ಅವನೇ. ಜಾಕೆಟ್ಟಿನವನು ಅವನನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡ. ದೊಡ್ಡ ದೊಡ್ಡ ಓಟಗಾರರು ಬಾಟಲಿಗಟ್ಟಲೆ ನೀರು ಕುಡಿದು, ಅಪರಿಚಿತನ ಕಣ್ಣೆದುರು ಒಂದು ಹನಿಯೂ ಬಾರದೆ ಒದ್ದಾಡುವ ಕೆಲಸವದು. ಮದನ್ ಮೂಗು ಸೀಟುವಷ್ಟರಲ್ಲಿ ಮುಗಿಸಿ ಬಂದ. ಶುದ್ಧನಿಗೆ ಯಾವ ಅಡ್ಡಿ?

“ಸತ್ಯಕ್ಕೆ ಸಾವಿಲ್ಲ!” ಮೈಕು ಬಿಕ್ಕಿತು. “ಕವಲಂದೆಯ ಈ ಕುವರ ಇಂದು ಯಾರನ್ನೂ ಹಿಂದೆ ಹಾಕದೆ ಎಲ್ಲರನ್ನೂ ಮೀರಿಸಿದ್ದಾನೆ!” ಚಪ್ಪಾಳೆ. ಹಾರ. ಚಿನ್ನ.

ಅಷ್ಟರಲ್ಲಿ ಊರಾಚೆ ಹೋಗುತ್ತಿದ್ದ ಬಸ್ಸಿನಲ್ಲಿ ಜಗನ್‌ನ ಫೋನು ಬಡಿದುಕೊಂಡಿತು.

“ರಾಮಮ್ಮ ಸಿಕ್ಕಿದ್ಲು ಕಣ್ಲಾ ಮಗ,” ಎಂದಳು ಸಾಕಮ್ಮಜ್ಜಿ. “ಅದು ಕಲ್ಸಕ್ರೆ ಪುಡಿಯಂತೆ.”

ಬಸ್ಸು ನಿಲ್ಲುವ ಮೊದಲೇ ಅವನು ನೆಲ ಮುಟ್ಟಿದ್ದ. ಲಾರಿ, ಎತ್ತಿನ ಗಾಡಿ, ಬೈಕುಗಳ ನಡುವೆ ಅವನು ಓಡಿದ ಆ ಓಟಕ್ಕೆ ಗಡಿಯಾರ ಹಿಡಿಯುವವರು ಯಾರೂ ಇರಲಿಲ್ಲ.

ಮೈದಾನ ಸೇರಿದಾಗ ಪುಟ್ಟಬಸವಯ್ಯ ಮೈಕಿನ ವೈರು ಸುತ್ತುತ್ತಿದ್ದರು. “ಈಗ್ ಬಂದ್ಯೇನಪ್ಪ? ಪುಡಿ ಇಳೀತಾ?”

“ಸಾ, ನಾನು ಕ್ಲೀನು. ಮೆಡ್ಲು ಓದ್ರೆ ಓಗ್ಲಿ. ನನ್ದೂ ಟೆಸ್ಟ್ ಮಾಡ್ಸಿ ಸಾ, ಇಲ್ದಿದ್ರೆ ಊರಲ್ಲಿ ಅಜ್ಜಿ ತಲೆ ಎತ್ಕಂಡ್ ತಿರ್ಗಂಗಿಲ್ಲ.”

“ಆಫೀಸರ್ ಟೀನೂ ಕುಡೀದೆ ಒಂಟ್ರು. ಇದ್ರೆ ಇಂದುಗಡೆ ಇರ್ಬೇಕು, ನೋಡೋಗು.”

ಜಗನ್ ಪೆವಿಲಿಯನ್ನಿನ ಹಿಂದಕ್ಕೆ ಓಡಿದ. ಬಿಳಿ ಕಾರು ಇನ್ನೂ ಅಲ್ಲೇ ಇತ್ತು. ಅಂಗಲಾಚಲು ಕೈ ಜೋಡಿಸಿಕೊಂಡು, ತೆರೆದ ಕಿಟಕಿಯ ಹತ್ತಿರ ಬಂದ. ಒಳಗಿನಿಂದ ಮದನ್‌ನ ದನಿ ಕೇಳಿತು.

“ಬಾವ, ಆ ಜಾಕೀಟ್ ಬಿಚ್ಚಾಕಿ ಬಿರ್ರನೆ ಗಾಡಿ ತೆಗಿ, ಬೆಳಿಗ್ಗೆ ನೀನ್ ಚುಚ್ಚಿದ್ ಸೂಜಿಗೆ ಎದೆ ಇನ್ನೂ ಡವಡವ ಒಡ್ಕತಾ ಅದೆ!”