ಬ್ಯಾಟು ಎತ್ತಿದ ಮೀಸೆಯವನು

ಗುರುಪ್ರಕಾಶ್ ಬಿಳಿ ಗ್ಲೌಸು ತೊಟ್ಟೇ ವನಜಾಕ್ಷಿಯ ಬ್ಯಾಗು ಮಗುಚಿದ. ಟಿಫನ್ ಬಾಕ್ಸು, ಬಾಚಣಿಗೆ, ಗುಳಿಗೆಯ ಪಟ್ಟಿ, ಒಂದಿಷ್ಟು ಚಿಲ್ಲರೆ ನಡುಮನೆಯ ತುಂಬ ಚೆಲ್ಲಾಡಿದವು. ನೋಟು ಮಾತ್ರ ಇರಲಿಲ್ಲ.

ಆ ಗ್ಲೌಸು ನೋಟಿಗೆಂದೇ ತರಿಸಿದ್ದು. ಬರಿಗೈ ಸೋಕಿದರೆ ಹಳೇ ಕಾಗದ ಕೆಡುತ್ತದೆಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. ಇವತ್ತು ಅದೇ ಗ್ಲೌಸು ಕೆಲಸದವಳ ಬ್ಯಾಗಿಗೂ ಒದಗಿತು. ಅಲ್ಲಿ ತನ್ನದೇನೂ ನೋಟಿಗೆ ಅಂಟಬಾರದು. ಇಲ್ಲಿ ಅವಳದೇನೂ ತನಗೆ ಅಂಟಬಾರದು.

“ಎಲ್ಲಿಟ್ಟಿದೀಯ, ಹೇಳ್ಬಿಡು. ಪೊಲೀಸ್ನೋರು ನನ್ನಷ್ಟು ಮರ್ಯಾದೆಯಾಗಿ ಕೇಳಲ್ಲ.”

“ಅಮ್ಮಾವ್ರು ಬರ್ಲಿ ಸಾರ್. ಅವ್ರುನ್ನೇ ಕೇಳಿ.”

“ಅಮ್ಮನ ಸೆರಗಿನ ಹಿಂದೆ ಬಚ್ಚಿಟ್ಕೊಳೋ ಆಟ ಬೇಡ. ಅವ್ರು ಅಯ್ಯೋ ಪಾಪ ಅಂದಾರು, ನಾನನ್ನಲ್ಲ.”

ತಾಯಿ ಸರ್ವಮಂಗಳಮ್ಮ ಪೂಜೆ ಮುಗಿಸಿ ಮಠಕ್ಕೆ ಹೋಗಿದ್ದರು. ಅವರಿನ್ನೂ ಪೂಜೆಯಲ್ಲಿದ್ದಾಗ ಗುರುಪ್ರಕಾಶ್ ನೋಟನ್ನು ಬೀರುವಿನಿಂದ ಅಂದೇ ಮೊದಲ ಸಲ ಹೊರತೆಗೆದು, ದೇವರಮನೆ ಪಕ್ಕದ ಮೇಜಿನ ಮೇಲಿಟ್ಟು, ಗಾಜಿನ ಫ್ರೇಮ್ ತರಲು ಶಿರಾ ಗೇಟಿನ ಅಂಗಡಿಗೆ ಹೋಗಿ ಬಂದಿದ್ದ. ಬಂದಾಗ ಮೇಜು ಖಾಲಿ. ಮನೆಯಲ್ಲಿ ನೆಲ ಒರೆಸುತ್ತಿದ್ದ ವನಜಾಕ್ಷಿ ಒಬ್ಬಳೇ.

ಅದು ಖರ್ಚಿಗೆ ಬರುವ ನೋಟಲ್ಲ. ನೂರೈವತ್ತು ವರ್ಷದ ಹಿಂದೆ ಅಮೆರಿಕದ ಅಂಗಡಿಯವರು ಹಣದಂತೆಯೇ ಕಾಣುವ ಜಾಹೀರಾತು ಚೀಟಿ ಅಚ್ಚು ಹಾಕಿಸಿ ಹಂಚುತ್ತಿದ್ದರು. ಇದರ ಮೇಲೆ ಬೇಸ್‌ಬಾಲ್ ಆಟಗಾರ. ದಪ್ಪ ಮೀಸೆ, ಎತ್ತಿ ಹಿಡಿದ ಬ್ಯಾಟು. ಹಿಂಬದಿಗೆ ಬೂಟಿನಂಗಡಿಯ ವಿಳಾಸ. ಇಂಥ ಚೀಟಿಗಳನ್ನು ಕೂಡಿಹಾಕುವ ಗುರುಪ್ರಕಾಶನಲ್ಲಿ ಬೇಸ್‌ಬಾಲಿನದು ಇದೊಂದೇ. ಸಂಗ್ರಾಹಕರ ಸಂಘದ ರವೀಶ್ ಬೆಂಗಳೂರಿನಿಂದ ಇದನ್ನು ನೋಡಲೆಂದೇ ಹೊರಟಿದ್ದರು. ಅವರು ಹೂಂ ಅಂದರೆ ದೊಡ್ಡ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆ, ಅದರ ಕೆಳಗೆ ಇವನ ಹೆಸರು. ಇಲ್ಲದಿದ್ದರೆ ಟೈಲ್ಸ್ ಮಾರುವವನು ಟೈಲ್ಸ್ ಮಾರುವವನೇ.

ಬಾಸ್ಟನ್ನಿನ ಹರಾಜಿನಲ್ಲಿ ಹಿಡಿದೆ ಎಂದು ರವೀಶರಿಗೆ ಹೇಳಿದ್ದ. ಹಿಡಿದದ್ದು ಗುಬ್ಬಿ ಹೊರಗಿನ ಹಟ್ಟಿಯಲ್ಲಿ, ಸಿದ್ದಯ್ಯನೆಂಬ ಮುದುಕನ ಗೋಡೆಯ ಮೇಲೆ. ಕುಣಿಗಲ್ಲಿನಲ್ಲಿ ಬಿಳಿ ದೊರೆಯೊಬ್ಬನ ಕುದುರೆ ತಿಕ್ಕಿದ್ದಕ್ಕೆ ಸಿದ್ದಯ್ಯನ ಮುತ್ತಾತನಿಗೆ ಸಿಕ್ಕಿದ ಕೂಲಿ ಅದು. ಸಂತೆಗೆ ಒಯ್ದರೆ, ಖೋಟಾ ನೋಟು ತಂದಿದ್ದಾನೆಂದು ಕಂಬಕ್ಕೆ ಕಟ್ಟಿ ಹೊಡೆದರಂತೆ.

“ಮೋಸ ಹೆಂಗಿರ್ತದೆ ಅಂತ ಮಕ್ಳುಮರಿ ಮರೀಬಾರ್ದು ಬುದ್ದಿ, ಅದ್ಕೇ ಮಡಗಿವ್ನಿ. ನನ್ ಮಗ್ಳೂ ನಿಮ್ ತುಮ್ಕೂರ್ನಾಗೇ ಮನೆಗೆಲ್ಸಕ್ಕೆ ಹೋಗ್ತವ್ಳೆ...”

ಮುದುಕ ಹೇಳುತ್ತಲೇ ಇದ್ದ. ಗುರುಪ್ರಕಾಶ್ ಕೇಳಿಸಿಕೊಂಡಿದ್ದರೆ ತಾನೆ. ಕೊಟ್ಟ ನೀರಿಗೆ ಗ್ಯಾಸ್ಟ್ರಿಕ್ ಎಂದ. ಫೋಟೋ ತೆಗೆಸಿ ವಾಪಸ್ ತಂದುಕೊಡುತ್ತೇನೆಂದು ದೇವರಾಣೆ ಹಾಕಿದ. ಎರಡು ತಿಂಗಳಾಯಿತು. ಆಣೆ ದೇವರ ಪಾಲಿಗೆ, ನೋಟು ಇವನ ಪಾಲಿಗೆ.

“ಆ ಚಿಲ್ಲರೆ ಯಾರದ್ದು?”

“ಮೊಸ್ರು ತಂದಿದ್ರದ್ದು ಸಾರ್. ನಿಮ್ದೇ.”

“ಬೋಗುಣಿಗೆ ಹಾಕ್ದೆ ಒಳಗ್ಯಾಕೆ ತಂದೆ? ಹೋಗು, ಹಾಕು.”

ಮನೆಗೆ ಕನ್ನ ಬಿದ್ದರೂ ಈ ಶಾಸ್ತ್ರ ತಪ್ಪುವಂತಿರಲಿಲ್ಲ. ಕೊರೋನಾ ಕಾಲದಲ್ಲಿ ಗೇಟಿನ ಬಳಿ ಸ್ಯಾನಿಟೈಸರ್ ಇತ್ತು, ಎಲ್ಲರಿಗೂ. ರೋಗ ಹೋಯಿತು. ಅದೇ ಜಾಗದಲ್ಲಿ ಅರಿಶಿನ ನೀರಿನ ಬೋಗುಣಿ ಬಂದು ಕೂತಿತು, ವನಜಾಕ್ಷಿಯ ಕೈಯಿಂದ ಬಂದದ್ದಕ್ಕೆ ಮಾತ್ರ. ಅವಳ ಲೋಟ ಕಾಂಪೌಂಡಿನ ಮೇಲೆ, ದಾರಿ ಹಿತ್ತಿಲಿಂದ. ಫೋನ್ ಪೇ ಬಂದ ಮೇಲೆ ಅರಿಶಿನದ ಖರ್ಚು ಇಳಿದಿದೆಯೆಂದು ಗುರುಪ್ರಕಾಶ್ ಗೆಳೆಯರ ಮುಂದೆ ನಗುತ್ತಿದ್ದ. ಮುಂಬಾಗಿಲ ಮೇಲೆ ಮಾತ್ರ ಎಲ್ಲರೂ ನಮ್ಮವರೆಂಬ ಬೋರ್ಡು, ಚಿನ್ನದ ಬಣ್ಣದಲ್ಲಿ.

ವನಜಾಕ್ಷಿ ಗೇಟಿನವರೆಗೆ ಹೋದಳು. ಬೋಗುಣಿಯತ್ತ ಬಗ್ಗಿದವಳು ಕೈ ಹಿಂತೆಗೆದು, ಚಿಲ್ಲರೆಯನ್ನು ಪಕ್ಕದ ಕಟ್ಟೆಯ ಮೇಲಿಟ್ಟು ಬಂದಳು.

“ಕೊಬ್ಬು ನೋಡು! ಅಷ್ಟು ಹೇಳಿದ್ರೂ ಹಾಕ್ಲಿಲ್ಲ.”

ಅಷ್ಟರಲ್ಲಿ ರವೀಶ್ ಕಾರಿನಿಂದಿಳಿದು ಒಳಗೆ ಬಂದರು. ನೆಲದ ಮೇಲಿನ ಬಾಚಣಿಗೆಯನ್ನೂ ಇವನ ಕೈಯ ಗ್ಲೌಸನ್ನೂ ನೋಡಿ ಬಾಗಿಲಲ್ಲೇ ನಿಂತರು.

“ಕಳ್ಳತನ ಸಾರ್, ಮನೆಯೊಳಗೇ. ಈ ಜನಕ್ಕೆ ವಸ್ತುವಿನ ಬೆಲೆ ಗೊತ್ತಿರಲ್ಲ, ಕದಿಯೋದೊಂದ್ ಗೊತ್ತಿರುತ್ತೆ. ಬಾಸ್ಟನ್ನಿಂದ ಎಷ್ಟು ಕಷ್ಟಪಟ್ಟು ತರಿಸಿದ್ದೆ!”

ವನಜಾಕ್ಷಿ ಮೊದಲ ಸಲ ತಲೆಯೆತ್ತಿದಳು. “ಬಾಸ್ಟನ್ ಎಲ್ಲಿ ಬತ್ತದೆ ಸಾರ್? ಗುಬ್ಬಿ ಬಸ್ನಾಗೇ ಹೋಗ್ಬೇಕಾ?”

ಸಿದ್ದಯ್ಯ ಮಗಳೆಂದದ್ದು ಈಗ ಗುರುಪ್ರಕಾಶನ ಕಿವಿಗೆ ಬಿತ್ತು. ಹಾಗಾದರೆ ನೋಟು ಆಗಲೇ ಗುಬ್ಬಿಯ ಗೋಡೆ ಸೇರಿರಬೇಕು! ಏಳು ವರ್ಷದಿಂದ ಮನೆ ಗುಡಿಸುತ್ತಿದ್ದವಳ ಊರು ಯಾವುದೆಂದು ಒಂದು ದಿನ ಕೇಳಿದವನಲ್ಲ.

“ಯಾರ್ ಕೈಲಿ ಕಳ್ಸಿದೆ? ಹೇಳೇ!”

“ನಾನ್ ಹೇಳುದ್ರೆ ನಂಬ್ತೀರಾ?”

ಅವನು ಪೊಲೀಸರಿಗೆ ಫೋನ್ ಹಚ್ಚಿದ. ಗೇಟು ಕಿರುಗುಟ್ಟಿತು. ಸರ್ವಮಂಗಳಮ್ಮ ಹಣೆ ತುಂಬ ವಿಭೂತಿ, ಕೈಯಲ್ಲಿ ಪ್ರಸಾದ ಹಿಡಿದು ಬಂದರು.

“ಅಮ್ಮಾ, ಇವ್ಳು ನನ್ನ ನೋಟು ಕದ್ದಿದಾಳೆ.”

“ಯಾವ್ದೋ? ಆ ದೊಣ್ಣೆ ಎತ್ಕೊಂಡಿರೋ ಮೀಸೆಯವ್ನ ಚೀಟಿನಾ? ಇವ್ಳ್ಯಾಕೆ ಕದೀತಾಳೆ? ‘ಇದು ನಮ್ಮಪ್ಪಂದು, ಫೋಟೋಗೆ ಅಂತ ಯಾರೋ ಈಸ್ಕೊಂಡ್ ಹೋದ್ರು, ಕೊಟ್ಬುಡಿ ಅಮ್ಮಾವ್ರೇ’ ಅಂತ ಬೆಳಗ್ಗೆ ಅತ್ಕೊಂಡು ಕೇಳಿದ್ಲು. ನಿನ್ನ ವಸ್ತು ನಾನ್ ಕೊಟ್ಟೇನಾ? ಆದ್ರೂ ಹಟ್ಟಿ ಗೋಡೆ ಮೇಲಿದ್ದದ್ದನ್ನ ದೇವರಮನೆ ಮಗ್ಗುಲಿಗೆ ತಂದಿಟ್ಟಿದ್ಯಲ್ಲೋ! ಕಾಸು ತಿಕ್ಕೋ ಹಂಗೆ ಎರಡೂ ಕಡೆ ಚೆನ್ನಾಗಿ ತಿಕ್ಕಿ ಬೋಗುಣೀಲಿ ನೆನೆಹಾಕಿದೀನಿ.”

ಮಗನ ಕೈಯ ಗ್ಲೌಸು ನೋಡಿ ಆಕೆ ನಕ್ಕರು. “ಅದನ್ ಬಿಚ್ಚೋ. ಇನ್ನು ಬರಿಗೈಲೇ ಮುಟ್ಟು.”