ಜೇನುಹುಳ ಕೂತ ಜಾಗ

ಆರು ತಿಂಗಳಿಗೊಮ್ಮೆ ಜೇನಿನ ಪರೀಕ್ಷೆ ಬಂತೆಂದರೆ ಹೂವಿನಂಗಡಿ ಗಿರಿಜಮ್ಮನ ಕೈಕಾಲು ತಣ್ಣಗಾಗುತ್ತಿತ್ತು. ತಾಯಿಯಿಂದ ಬಂದ ಹೆಪಟೈಟಿಸ್ ಬಿ ಅವಳ ಲಿವರಿನಲ್ಲಿ ಸದ್ದಿಲ್ಲದೆ ಮಲಗಿತ್ತು. ಮಲಗಿದೆಯೆಂದು ನಂಬಿ ಕೂರುವ ಹಾಗಿಲ್ಲ. ಅಲ್ಲಿ ಕ್ಯಾನ್ಸರ್ ಮೊಳೆತರೆ, ಅದರ ವಾಸನೆ ಹಿಡಿಯಲು ಪಳಗಿಸಿದ ಆಸ್ಪತ್ರೆಯ ಜೇನುಹುಳ ನೇರವಾಗಿ ಬಲಪಕ್ಕೆಯ ಮೇಲೆ ಕೂರುತ್ತದೆ.

ಜೊತೆಗೆ ಬಂದಿದ್ದ ತಂಗಿ ಸರ್ವಮಂಗಳ ಪರೀಕ್ಷೆಯ ಕೋಣೆಯಲ್ಲಿ ಗೋಡೆಗೊರಗಿ ನಿಂತಿದ್ದಳು. "ನಿನ್ನದೂ ಒಂದ್ಸಲ ನೋಡಿಸ್ಕೊಳ್ಳೇ" ಎಂದು ಅಕ್ಕ ಎಷ್ಟು ಹೇಳಿದರೂ, "ಗುಂಡುಕಲ್ಲಿನ ಹಾಗಿದೀನಿ, ನಂಗ್ಯಾಕೆ?" ಎನ್ನುವವಳು.

ಗಿರಿಜಮ್ಮ ಮಲಗಿದ ಮೇಲೆ ನರ್ಸ್ ಜೇನುಹುಳದ ಡಬ್ಬಿಯ ಮುಚ್ಚಳ ತೆಗೆದಳು. ಹುಳ ಹಾರಿ ಬಂದು ಗಿರಿಜಮ್ಮನ ಬಲಪಕ್ಕೆಯ ಮೇಲೆ ಕೂತೇಬಿಟ್ಟಿತು.

"ಏನಮ್ಮಾ, ಜೇನಿನ ಪರೀಕ್ಷೆಗೆ ಯಾರಾದ್ರೂ ಮಲ್ಲಿಗೆ ತರ್ತಾರಾ?" ನರ್ಸ್ ಗದರಿದಳು.

ಅಂಗಡಿಯ ಅಭ್ಯಾಸ. ಬಿಡಿಹೂವನ್ನು ಸೆರಗಿನಲ್ಲಿ ಗಂಟು ಕಟ್ಟಿ ಸೊಂಟದ ಬಲಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು. ಸರ್ವಮಂಗಳ ಬಿದ್ದು ಬಿದ್ದು ನಕ್ಕಳು.

ಗಿರಿಜಮ್ಮ ಹೂವನ್ನು ಹೊರಗಿಟ್ಟು, ಸೀರೆ ಬಿಚ್ಚಿ ಆಸ್ಪತ್ರೆಯ ನಿಲುವಂಗಿ ತೊಟ್ಟು ಮತ್ತೆ ಮಲಗಿದಳು. ಈ ಸಲ ಹುಳ ಅವಳ ಮೇಲೆ ಸುತ್ತು ಹಾಕಿತು, ಕೂರದೆ ಮುಂದೆ ಹೋಯಿತು.

"ಬದುಕ್ಕೊಂಡೆ ಕಣೇ!" ಎನ್ನುತ್ತಾ ಅವಳು ತಿರುಗಿ ನೋಡಿದಳು.

ಸರ್ವಮಂಗಳ ನಗುತ್ತಿರಲಿಲ್ಲ. ತನ್ನ ಬಲಪಕ್ಕೆಯನ್ನೇ ನೋಡುತ್ತಿದ್ದಳು.

"ಅಕ್ಕಾ, ನಾನಿವತ್ತು ಹೂವನ್ನೇ ಮುಟ್ಟಿಲ್ಲ."