ನೀಲವ್ವನ ದೂರು
ನೊಂದವರು ತಮ್ಮ ನೋವನ್ನು ದೂರಿನ ಆ್ಯಪಿನಲ್ಲಿ ಬರೆಸಿದರೆ ತನಿಖೆ ನಡೆಯುತ್ತಿತ್ತು. ದೂರು ಮುಗಿದ ದಿನ ಆ ನೆನಪು ಅವರ ತಲೆಯಿಂದ ಅಳಿಸಿಹೋಗುತ್ತಿತ್ತು. ಅದರ ಬದಲು ತಮ್ಮದೇ ಟಿಪ್ಪಣಿಯ ಆ್ಯಪಿನಲ್ಲಿ ಬರೆದಿಟ್ಟುಕೊಂಡರೆ ನೆನಪು ಉಳಿಯುತ್ತಿತ್ತು, ಆದರೆ ಯಾರೂ ಕೇಳುತ್ತಿರಲಿಲ್ಲ.

ಶಾಲೆಯ ಗೋಡೆ ಕುಸಿದು ಸತ್ತ ಮಗಳು ಸಾವಂತ್ರಿಯ ನೆನಪನ್ನು ನೀಲವ್ವ ಆರು ವರ್ಷ ಟಿಪ್ಪಣಿಯಲ್ಲೇ ಇಟ್ಟುಕೊಂಡಿದ್ದಳು. ಅದೇ ಶಾಲೆಯ ಇನ್ನೊಂದು ಗೋಡೆ ಬಿರುಕು ಬಿಟ್ಟಿದೆಯೆಂದು ತಿಳಿದಾಗ ದೂರಿನ ಕಚೇರಿಗೆ ಬಂದಳು.

“ಅಕ್ಕಾರ, ದೂರು ಮುಗದ್ರ ಮಗಳ ನೆನಪೂ ಹೋಗತೈತಿ. ವಿಚಾರ ಮಾಡ್ರಿ,” ಎಂದ ಗುಮಾಸ್ತ ವೀರಭದ್ರ.

“ಆ ಗ್ವಾಡಿ ಬಾಜೂಕ ಬ್ಯಾರೇ ಹುಡುಗ್ರು ಕುಂದರತಾವ್ರಿ. ಬರಕೋರಿ.”

ಮಗಳ ಫೋಟೋವನ್ನು ಬಹಳ ಹೊತ್ತು ನೋಡಿ, ನೀಲವ್ವ ಹೆಬ್ಬೆಟ್ಟು ಒತ್ತಿದಳು.

ಇಪ್ಪತ್ತು ದಿನಗಳ ನಂತರ ಮೇಲಧಿಕಾರಿಯ ಷರಾ ಬಂತು: ‘ಗೋಡೆಗೆ ಸುಣ್ಣ ಬಳಿಯಲಾಗಿದೆ. ದೂರು ಮುಕ್ತಾಯ.’

ವೀರಭದ್ರ ತಡೆಯಲಾರದೆ ಅವಳ ಮನೆಗೆ ಓಡಿದ. “ಅಕ್ಕಾರ, ಮೋಸ ಆಗೇತ್ರಿ! ಬಿರುಕಿನ ಮ್ಯಾಲ ಬರೇ ಸುಣ್ಣ ಹಚ್ಯಾರ. ಇನ್ನೊಂದು ದೂರು ಕೊಡ್ರಿ.”

ರೊಟ್ಟಿ ಬಡಿಯುತ್ತಿದ್ದ ನೀಲವ್ವ ತಲೆಯೆತ್ತಿ ನಕ್ಕಳು.

“ನನಗ ಮಕ್ಕಳಽ ಆಗಿಲ್ಲರಿ. ಸಾಲಿ ಗ್ವಾಡಿ ಕಟಗೊಂಡು ನಾ ಏನ್ ಮಾಡ್ಲಿ?”